ಒಂದು ಚೀಟಿಗೆ ಒಂದು ಬಾಯಿ

ಸೆಪ್ಟೆಂಬರ್ ೨೭, ೧೯೭೯, ಗುರುವಾರ. ಹುನಗುಂದ

ಮಧ್ಯಾಹ್ನ ಊಟ ಮಾಡುವಾಗ ಕಟ್ಟೆಂದು ಸಪ್ಪಳವಾಯಿತು. ರೊಟ್ಟಿಯದೆಂದು ತಿಳಿದು ಖುಷಿಪಟ್ಟೆ. ನನ್ನ ಪ್ರಕಾರ ಖಡಕ್ ರೊಟ್ಟಿ ಎಂದರೆ, ಮುರಿದರೆ ಪಕ್ಕದ ಮನೆಯವರು ಏನಾಯಿತೆಂದು ಹೊರಗೆ ಬಂದು ನೋಡಬೇಕು. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ನಮ್ಮಾಕೆಗೆ ಆ ಹದ ಪೂರ್ತಿ ಕೈಗೆ ಹತ್ತಿಲ್ಲ. ವಾರಕ್ಕೆರಡು ಸಲವಾದರೂ ಅದು ಒದ್ದೆ ಬಟ್ಟೆಯಂತೆ ಜೋತು, ‘ಇದು ರೊಟ್ಟಿಯೋ ತೊಯ್ದ ಅರಬಿಯೋ’ ಎಂದು ಕೇಳಲೇಬೇಕಾಗುತ್ತದೆ.

ಇಂದು ಹದ ಬಂದಿತ್ತು. ಆದರೆ ಬಾಯಲ್ಲಿ ಹರಳು ಸಿಕ್ಕಿತು. ಉಗುಳಿ ಕೂಗಿದೆ:

“ಏ, ಜ್ವಾಳದಾಗ ಹರಳು ಬಂದಾವ ನೋಡು! ಹಸನ ಮಾಡೂದು ಬಿಟ್ಟು ಯಾರ ಜೋಡಿ ಮಾತಾಡ್ಕೋತ ಕುಂತಿದ್ದಿ?”

ಆಕೆ ಅಡುಗೆಮನೆಯಿಂದ ಬಂದು, ಅದನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದಳು.

“ಹರಳಲ್ರಿ ಇದು. ಹಲ್ಲು. ನಿಮ್ದ ಐತಿ.”

ಇಪ್ಪತ್ತಾರು ವರ್ಷದಿಂದ ಈ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಬಾಯಿ ಜೀರ್ಣಾಂಗದ ಹೆಬ್ಬಾಗಿಲು, ಮನುಷ್ಯನಿಗೆ ಹಲ್ಲು ಮೂವತ್ತೆರಡು ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಅಂಥವನ ದವಡೆಹಲ್ಲು ಹೀಗೆ ಮುರಿಯುವುದೆಂದರೆ ಕಲಿಗಾಲ. ಹೆಂಡತಿ ಮಾತ್ರ ಏನೂ ಆಗದವಳಂತೆ ಒಳಗೆ ಹೋಗಿ ತನ್ನ ಊಟಕ್ಕೆ ಕೂತಳು. ನಾನು ಉಂಡು, ಎಲೆಯಡಿಕೆ ಹಾಕಿ, ಒಂದು ನಿದ್ದೆ ತೆಗೆದು ಏಳುವವರೆಗೂ ಆಕೆಯ ಊಟ ಮುಗಿಯುವುದಿಲ್ಲ. ಒಬ್ಬಳೇ ಒಳಗೆ ಕೂತು ಒಂದು ತಾಸು ಏನು ಉಣ್ಣುತ್ತಾಳೋ ಶಿವನೇ ಬಲ್ಲ.

ಅಕ್ಟೋಬರ್ ೭, ರವಿವಾರ

ಬಾಗಲಕೋಟೆಗೆ ಹೋಗಿಬಂದೆ. ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ತಿಂಗಳ ಮೊದಲ ರವಿವಾರ ಅಲ್ಲಿಗೆ ಬಂದು, ಔಷಧಿ ಅಂಗಡಿಯೊಂದರ ಅಟ್ಟದ ಮೇಲೆ ಕೂರುತ್ತಾರೆ. ಬಾಗಿಲಲ್ಲಿ ಲಾಡಸಾಬ ಎಂಬ ಕಂಪೌಂಡರ ನಿಂತಿರುತ್ತಾನೆ. ದಿನಕ್ಕೆ ಇಪ್ಪತ್ತೇ ಚೀಟಿ, ಅದೂ ಹಿಂದಿನ ತಿಂಗಳೇ ತೆಗೆದುಕೊಂಡಿರಬೇಕು. ಯಾರೋ ರದ್ದು ಮಾಡಿದ್ದರಿಂದ ನನಗೆ ಸಿಕ್ಕಿತು. ಒಬ್ಬ ರೈತ ತನ್ನ ಚೀಟಿಯಲ್ಲೇ ತಮ್ಮನನ್ನೂ ತೋರಿಸುತ್ತೇನೆಂದಾಗ ಲಾಡಸಾಬ ಅಡ್ಡಗೈ ಹಾಕಿದ.

“ಒಂದು ಚೀಟಿಗೆ ಒಂದು ಬಾಯಿ! ಡಾಕ್ಟರಿಗೆ ಸಂಜಿ ಗಾಡಿ ಹಿಡಿಯೂದೈತಿ.”

ಡಾಕ್ಟರು ನನ್ನ ಬಾಯಲ್ಲಿ ಕನ್ನಡಿ ಆಡಿಸಿ, “ಹೊಳಬಸಪ್ಪ ಮಾಸ್ತರ, ಒಸಡಿನಾಗ ಕೀವು ಐತಿ. ಎಲ್ಲಾ ಅಲ್ಲಾಡಾಕತ್ತಾವ. ಇಪ್ಪತ್ತೊಂದೂ ತಗೀಬೇಕು,” ಎಂದರು.

ತೆಗೆಯುವ ಮಾತಿಗಿಂತ ಇಪ್ಪತ್ತೊಂದು ಎಂಬ ಲೆಕ್ಕ ಕೇಳಿ ನನಗೆ ಆಘಾತವಾಯಿತು. ಉಳಿದ ಹನ್ನೊಂದು ಯಾವಾಗ ಹೋದವು? ಇಂದು ಹತ್ತು ಕಿತ್ತರು. ಬಸ್ಸಿನಲ್ಲಿ ಯಾರೋ ‘ಆರಾಮ ಅದೀರೇನ್ರಿ ಮಾಸ್ತರ’ ಎಂದು ಕೇಳಿದರೆ ತಲೆಯಾಡಿಸಲೂ ಆಗಲಿಲ್ಲ.

ಅಕ್ಟೋಬರ್ ೯

ಗಂಜಿ.

ನವೆಂಬರ್ ೪, ರವಿವಾರ

ಉಳಿದ ಹನ್ನೊಂದೂ ಹೋದವು. ಒಸಡು ಮಾಯ್ದ ಮೇಲೆ, ಜನವರಿ ಆರಕ್ಕೆ ಅಳತೆ, ಫೆಬ್ರುವರಿ ಮೂರಕ್ಕೆ ಕಟ್ಟಿಸಿದ ಹಲ್ಲು ಎಂದರು.

ಲೆಕ್ಕ ಹಾಕಿದೆ. ನಮ್ಮ ಹೆಡ್‌ಮಾಸ್ತರ್ ಬಂಡೆಪ್ಪನವರು ಮಾರ್ಚಿಗೆ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ಇಬ್ಬರೇ ಇದ್ದೇವೆ, ನಾನು ಮತ್ತು ಗಣಿತದ ಅಮಸಿದ್ದಪ್ಪ. ಇನ್‌ಸ್ಪೆಕ್ಟರ್ ಸಾಹೇಬರು ಫೆಬ್ರುವರಿ ಹನ್ನೆರಡಕ್ಕೆ ಬಂದು ಇಬ್ಬರ ಪಾಠವನ್ನೂ ಕೇಳಿ ವರದಿ ಬರೆಯುತ್ತಾರೆ. ನನ್ನ ಪಾಠ ಜೀರ್ಣಕ್ರಿಯೆ, ಒಂಬತ್ತನೆಯ ತರಗತಿ. ಹಲ್ಲು ಬಂದ ಮೇಲೆ ರೂಢಿಗೆ ಒಂಬತ್ತು ದಿನ ಸಿಗುತ್ತವೆ, ಸಾಕು. ಆ ಕುರ್ಚಿಯ ಆಸೆ ನನಗೆ ಹತ್ತು ವರ್ಷದಿಂದ ಇದೆ ಎಂದು ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ.

ಸಂಜೆ ಅಮಸಿದ್ದಪ್ಪ ಸಮಾಧಾನ ಹೇಳಲು ಬಂದಿದ್ದ. ಮೂವತ್ತೆರಡೂ ತೋರಿಸಿ ಹೇಳಿದ.

ನವೆಂಬರ್ ೮, ಗುರುವಾರ

ಹಟಕ್ಕೆ ಬಿದ್ದು ಇಂದು ರೊಟ್ಟಿಯ ಚೂರನ್ನು ಹಾಗೆಯೇ ನುಂಗಿದೆ. ಅನ್ನನಾಳವು ಅಲೆ ಅಲೆಯಾಗಿ ಕುಗ್ಗಿ ಆಹಾರವನ್ನು ಕೆಳಗೆ ತಳ್ಳುತ್ತದೆ ಎಂದು ನಾನೇ ಕಲಿಸುತ್ತೇನೆ. ಎದೆಯ ನಡುವೆ ಬಂದು ಅದು ನಿಂತೇಬಿಟ್ಟಿತು, ಅಲೆಯೂ ಇಲ್ಲ ಗಿಲೆಯೂ ಇಲ್ಲ. ಕಣ್ಣಲ್ಲಿ ನೀರು ಬಂತು. ಹೆಂಡತಿ ಓಡಿಬಂದು ಬೆನ್ನಿಗೆ ಗುದ್ದಿದ ಗುದ್ದಿಗೆ ಚೂರು ಇಳಿಯಿತು, ಬೆನ್ನು ಈಗಲೂ ನೋಯುತ್ತಿದೆ.

ಪಡಸಾಲೆಯಲ್ಲಿ ಕೂತರೆ ಹಾದಿಯಲ್ಲಿ ಹೋಗುವ ಹುಡುಗರೆಲ್ಲ ನನ್ನ ಬಾಯಾಟ ನೋಡುತ್ತಾರೆ. ಆದ್ದರಿಂದ ಇನ್ನು ಮುಂದೆ ಅಡುಗೆಮನೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಉಣ್ಣುವುದೆಂದು ನಿರ್ಧರಿಸಿದ್ದೇನೆ. ತಾತ್ಕಾಲಿಕ ವ್ಯವಸ್ಥೆ.

ನವೆಂಬರ್ ೧೨, ಸೋಮವಾರ

ಅಡುಗೆಮನೆಯಲ್ಲಿ ನನಗೆ ಒಂದು ಹೊಸ ವಿಧಾನ ಸಿಕ್ಕಿದೆ. ಹಲ್ಲಿಲ್ಲದವರಿಗೆ ಇದು ವರದಾನ. ಸಮಯ ಸಿಕ್ಕರೆ ಲೇಖನ ಬರೆದು ಮಾಸಪತ್ರಿಕೆಗೆ ಕಳಿಸಬೇಕು.

ರೊಟ್ಟಿಯನ್ನು ಉಗುರಿನಷ್ಟು ಸಣ್ಣಗೆ ಮುರಿಯಬೇಕು. ಮೇಲೆ ಬಿಸಿ ಬೇಳೆಯ ಕಟ್ಟು ಸುರಿದು, ತಾಟು ಮುಚ್ಚಿ, ನೂರು ಎಣಿಸುವಷ್ಟು ಹೊತ್ತು ಬಿಡಬೇಕು. ತುತ್ತನ್ನು ಎಡಗೆನ್ನೆಯಲ್ಲಿ ಇಟ್ಟುಕೊಂಡು, ಲಾಲಾರಸ ಬರುವವರೆಗೆ ಕಾದು, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಅರೆಯಬೇಕು. ನುಂಗುವ ಮುಂಚೆ ಗದ್ದವನ್ನು ತುಸು ಕೆಳಗೆ ಮಾಡಬೇಕು. ಆಗ ಶ್ವಾಸನಾಳದ ಮುಚ್ಚಳ ಸರಿಯಾಗಿ ಕೂತು, ನೆತ್ತಿಗೇರುವುದಿಲ್ಲ.

ಮುಚ್ಚಳದ ವಿವರಣೆ ನನ್ನದು. ಉಳಿದದ್ದೆಲ್ಲ ನಮ್ಮಾಕೆ ಗುರುಲಿಂಗವ್ವ ಹೇಳಿಕೊಟ್ಟಳು.

“ಅವಸರ ಮಾಡಬ್ಯಾಡ್ರಿ. ಗಲ್ಲದಾಗ ಇಟ್ಟು ಸುಮ್ಮ ಕುಂದರ್ರಿ. ತಾನ ಕರಗತೈತಿ.”

“ನಿನಗ ಇದೆಲ್ಲ ಹೆಂಗ ಗೊತ್ತು?” ಎಂದೆ.

“ಹಿಂಗ ಗೊತ್ತು,” ಎಂದಳು.

ಹೆಂಗಸರಿಗೆ ಇಂಥವು ಹುಟ್ಟಿನಿಂದಲೇ ಬಂದಿರುತ್ತವೆ. ಆಶ್ಚರ್ಯವೆಂದರೆ ಈ ವಿಧಾನದಲ್ಲಿ ಎರಡು ರೊಟ್ಟಿ ಮುಗಿಸಲು ಸರಿಯಾಗಿ ಒಂದು ತಾಸು ಬೇಕು.

ಡಿಸೆಂಬರ್ ೫, ಬುಧವಾರ

ಜೀರ್ಣಕ್ರಿಯೆಯ ಪಾಠಕ್ಕೆ ಮುನ್ನ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೆ, ಮನೆಯಲ್ಲಿ ಎಲ್ಲರ ಹಲ್ಲು ಎಣಿಸಿಕೊಂಡು ಬರಬೇಕು. ಇಂದು ಹಲಗೆಯ ಮೇಲೆ ಕೋಷ್ಟಕ ಬರೆದೆ. ಅಪ್ಪಂದಿರ ಸಾಲು ತುಂಬಿತು: ಇಪ್ಪತ್ತೆಂಟು, ಮೂವತ್ತು, ಇಪ್ಪತ್ತಾರು. ಅಜ್ಜಂದಿರದೂ ತುಂಬಿತು. ಅವ್ವಂದಿರ ಸಾಲು ಮಾತ್ರ ಹಲ್ಲುದುರಿದ ಬಾಚಣಿಗೆ. ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತೆರಡು ಮಂದಿ ಖಾಲಿ ಕೈಯಲ್ಲಿ ಬಂದಿದ್ದರು.

“ನಮ್ಮವ್ವ ಬಾಯಿ ತಗೀಲಿಲ್ರಿ ಸರ್,” ಎಂದಳು ಮೊದಲ ಸಾಲಿನ ಸಕ್ರವ್ವ. ನೇಯುವವರ ಮನೆಯ ಹುಡುಗಿ, ಬಾಯಿ ಬಹಳ. “ಸೆರಗ ಅಡ್ಡ ಹಿಡಕೊಂಡು ನಕ್ಳ್ರಿ.”

ಎಲ್ಲರಿಗೂ ಬೈದೆ. ಸಕ್ರವ್ವನ ಅಂಗೈಗೆ ಬೆತ್ತದಿಂದ ಒಂದು ಕೊಟ್ಟೆ. ವಿಜ್ಞಾನಕ್ಕೆ ನಾಚಿಕೆ ಎಂಬುದಿಲ್ಲ ಎಂದು ಹೇಳಿ, ನನ್ನ ಮನೆಯ ಲೆಕ್ಕವನ್ನು ನಾಳೆ ನಾನೇ ತಂದು ಹಲಗೆಯ ಮೇಲೆ ಬರೆಯುತ್ತೇನೆಂದೆ.

ಡಿಸೆಂಬರ್ ೬

ಗುರುಲಿಂಗವ್ವ ಬಾಯಿ ತೆಗೆಯಲಿಲ್ಲ. ಸೆರಗು ಅಡ್ಡ ಹಿಡಿದು ನಕ್ಕಳು. ವಿಜ್ಞಾನದ ವೈರಿ ನನ್ನ ಮನೆಯಲ್ಲೇ ಇದ್ದಾಳೆ.

ಹಲಗೆಯ ಮೇಲೆ ಮೂವತ್ತೆರಡು ಎಂದು ಬರೆದೆ.

ಜನವರಿ ೬, ೧೯೮೦, ರವಿವಾರ

ಅಳತೆ ಆಯಿತು. ಬಿಸಿ ಮೇಣದಂಥದ್ದನ್ನು ಬಾಯಿಗೆ ತುರುಕಿ ಕಚ್ಚು ಎಂದರು. ಯಾವುದರಿಂದ ಕಚ್ಚಲಿ? ಕಟ್ಟಿಸಿದ ಹಲ್ಲು ಇಪ್ಪತ್ತೆಂಟೇ ಇರುತ್ತವಂತೆ. ಪುಸ್ತಕದ ಪ್ರಕಾರ ಇನ್ನೂ ನಾಲ್ಕು ಬರಬೇಕೆಂದು ವಾದಿಸಿದೆ.

“ಬುದ್ಧಿಹಲ್ಲು ನಾವು ಕಟ್ಟಿ ಕೊಡೂದಿಲ್ರಿ ಮಾಸ್ತರ,” ಎಂದರು ಡಾಕ್ಟರು.

ಫೆಬ್ರುವರಿಯ ಚೀಟಿ ಜೇಬಿನಲ್ಲಿದೆ, ಏಳನೆಯ ನಂಬರು. ಪಾಠದ ಪೂರ್ವಭಾವಿ ಅಭ್ಯಾಸವನ್ನು ಅಡುಗೆಮನೆಯಲ್ಲೇ ಮಾಡುತ್ತಿದ್ದೇನೆ. ಗುರುಲಿಂಗವ್ವ ಸೊಪ್ಪು ಸೋಸುತ್ತ ಕೇಳುತ್ತಾಳೆ. ಜಠರದ ಭಾಗ ಬಂದಾಗ, “ಮ್ಯಾಲಿನವ್ರು ತಮ್ಮ ಕೆಲಸ ಮಾಡ್ಲಿಲ್ಲಂದ್ರ ಎಲ್ಲಾ ಹೊಟ್ಟೀ ಮ್ಯಾಲ ಬೀಳತೈತೇನ್ರಿ?” ಎಂದಳು. ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ.

ಜನವರಿ ೨೯, ಮಂಗಳವಾರ

ಗುರುಲಿಂಗವ್ವನ ಎಡಗೆನ್ನೆ ಬಾತಿದೆ. ಲವಂಗ ಇಟ್ಟುಕೊಂಡಿದ್ದಾಳೆ. ಗಾಳಿ ಬಡಿದಿದೆ ಎನ್ನುತ್ತಾಳೆ.

ಜನವರಿ ೩೦, ಬುಧವಾರ

ಸರ್ವೋದಯ ದಿನದ ಪ್ರಾರ್ಥನೆ ಮುಗಿಸಿ ಮನೆಗೆ ಬಂದರೆ ಕೆನ್ನೆ ಇನ್ನಷ್ಟು ಬಾತು ಕಣ್ಣು ಮುಚ್ಚುವಂತಾಗಿತ್ತು. ಜ್ವರವೂ ಇತ್ತು. ಇನ್ನು ಕೇಳುವುದು ಬೇಡವೆಂದು ಅಂಗಳದಲ್ಲಿ ಕೂರಿಸಿ, ಕನ್ನಡಿಯಿಂದ ಬಿಸಿಲನ್ನು ಮುಖಕ್ಕೆ ತಿರುಗಿಸಿ, ಬಾಯಿ ತೆಗೆ ಎಂದೆ. ತೆಗೆದಳು.

ಒಂಬತ್ತು.

ಮುಂದೆ ಆರು, ಎಡಗಡೆ ಎರಡು, ಅದರಲ್ಲೊಂದು ಕಪ್ಪಾಗಿ ಬುಡದಲ್ಲಿ ಕೀವು ತುಂಬಿದೆ. ಬಲಗಡೆ ಕೊನೆಗೊಂದು, ಗಡಿಕಲ್ಲಿನಂತೆ. ದವಡೆಯ ಉಳಿದ ಜಾಗವೆಲ್ಲ ನನ್ನ ಬಾಯಿಯಂತೆಯೇ ನುಣ್ಣಗೆ, ಆದರೆ ನನ್ನದಕ್ಕಿಂತ ಎಷ್ಟೋ ಹಳೆಯದು.

“ಯಾವಾಗಿನಿಂದ?” ಎಂದೆ.

“ಎರಡನೇ ಬಾಣಂತನದಾಗ ಸುರು ಆದ್ವು.”

ನಮ್ಮ ಎರಡನೆಯ ಮಗಳು ಹತ್ತೊಂಬತ್ತಕ್ಕೆ ಇಳಕಲ್ಲಿಗೆ ಮದುವೆಯಾಗಿ ಹೋಗಿ ಮೂರು ವರ್ಷವಾಯಿತು. ಅಂದರೆ ಇಪ್ಪತ್ತೆರಡು ವರ್ಷ!

“ಒಂದು ದಿನಾನೂ ಹೇಳ್ಲಿಲ್ಲಲ್ಲ ನೀನು!” ಎಂದು ಜೋರು ಮಾಡಿದೆ. ಹಲ್ಲಿಲ್ಲದ ಬಾಯಿಂದ ಜೋರು ಹೊರಡಲಿಲ್ಲ.

“ಹೇಳೂದೇನೈತ್ರಿ ಅದ್ರಾಗ? ನೀವು ಉಂಡು ಎದ್ದ ಮ್ಯಾಲ ನಾ ಉಣ್ತಿದ್ನಿ. ನೀವರ ಯಾವಾಗ ನೋಡಬೇಕು?”

ನಾನು ಕನ್ನಡಿ ಹಿಡಿದುಕೊಂಡು ಅಲ್ಲೇ ಕೂತೆ. ಆ ಒಂದು ತಾಸು ಆಕೆ ಒಳಗೆ ಏನು ಮಾಡುತ್ತಿದ್ದಳು ಎಂಬುದು ಈಗ ತಿಳಿಯಿತು. ವಿಧಾನದ ಲೇಖನ ಬರೆಯುವುದಿಲ್ಲ. ನನಗೆ ಬಹಳ ನಾಚಿಕೆಯಾಗಿದೆ, ಬಹಳ ಅಂದರೆ ಬಹಳ.

ಫೆಬ್ರುವರಿ ೩, ರವಿವಾರ

ಇಬ್ಬರೂ ಬಾಗಲಕೋಟೆಗೆ ಹೋದೆವು. ಹೊಸ ಚೀಟಿ ಕೇಳಿದರೆ ಲಾಡಸಾಬ ಮುಂದಿನ ತಿಂಗಳಿನದು ಕೊಡಲು ಬಂದ.

“ಆಕೀ ಮಾರಿ ನೋಡಪಾ,” ಎಂದೆ.

“ನೋಡೇನ್ರಿ, ಸಂಕಟ ಆಗತೈತಿ. ಆದ್ರ ಇಪ್ಪತ್ತೂ ಮಂದಿ ಮಾರಿ ಹಂಗ ಅದಾವ. ಒಂದು ಚೀಟಿಗೆ ಒಂದು ಬಾಯಿ ರಿ ಮಾಸ್ತರ. ಯಾರ ಬಾಯಿ ಅನ್ನೂದು ನೀವ ಹೇಳ್ರಿ.”

ಬಾಗಿಲ ಸಂದಿಯಿಂದ ನೋಡಿದೆ. ಮೇಜಿನ ಮೇಲೆ ಪಿಂಗಾಣಿ ತಾಟಿನಲ್ಲಿ ನನ್ನ ಹೆಸರಿನ ಚೀಟಿ ಹಚ್ಚಿದ ಇಪ್ಪತ್ತೆಂಟು ಹಲ್ಲು ಹೊಳೆಯುತ್ತಿದ್ದವು. ನನ್ನನ್ನು ನೋಡಿ ನಗುತ್ತಿದ್ದವು ಎಂದರೂ ಸರಿಯೇ. ಹಾಗೇ ಕೊಟ್ಟುಬಿಡಿ, ಮನೆಯಲ್ಲಿ ಹಾಕಿಕೊಳ್ಳುತ್ತೇನೆಂದು ಲಾಡಸಾಬನಿಂದ ಒಳಗೆ ಕೇಳಿಸಿದೆ. ಬಾಯಲ್ಲಿ ಕೂರಿಸಿ, ತಿಕ್ಕಿ, ಕಚ್ಚಿಸಿ ನೋಡದೆ ಕೊಡುವುದಿಲ್ಲವೆಂದು ಒಳಗಿನಿಂದ ಉತ್ತರ ಬಂತು.

“ನೀವು ಹೋಗ್ರಿ,” ಎಂದಳು ಗುರುಲಿಂಗವ್ವ. “ಹನ್ನೆರಡಕ್ಕ ಸಾಹೇಬ್ರು ಬರ್ತಾರ. ನಂದೇನು, ಲವಂಗ ಐತಿ.”

ಏಳನೆಯ ನಂಬರು ಕೂಗಿದಾಗ ಆಕೆಯನ್ನು ಒಳಗೆ ಕಳಿಸಿದೆ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ನನ್ನ ಒಸಡು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಒಂದು ತಿಂಗಳು ತಡೆದರೆ ಒಳ್ಳೆಯದೇ. ಕೀವು ತೆಗೆದು, ಆರು ಹಲ್ಲು ಕಿತ್ತರು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದಳು. ಊರಿನವರು ಇದ್ದರು. ಇರಲಿ.

ಫೆಬ್ರುವರಿ ೬

ಮಕ್ಕಳಿಗೆ ಮನೆಗೆಲಸ ಬದಲಿಸಿದೆ. ಎಣಿಸುವುದು ಬೇಡ, ಅವ್ವ ಉಣ್ಣುವಾಗ ಹತ್ತಿರ ಕೂತು ನೋಡಿ ಎಂದೆ. ‘ನಮ್ಮವ್ವ ಕಡೀಕ ಉಣ್ತಾಳ್ರಿ’ ಎಂದವು ಮೂವತ್ತೆಂಟು ಬಾಯಿ. ಕಾಯಿರಿ ಎಂದೆ. ಹಲಗೆಯ ಮೇಲೆ ಆ ಕೋಷ್ಟಕವನ್ನು ಮತ್ತೆ ಬರೆದು, ನನ್ನ ಮನೆಯ ಲೆಕ್ಕವನ್ನು ತಿದ್ದಿದೆ.

ಮನೆಯಲ್ಲಿ ಇಂದು ನುಚ್ಚು ಮಜ್ಜಿಗೆ. ನಾನೇ ಕುದಿಸಿದೆ, ತಳ ಹಿಡಿಯಿತು.

ಫೆಬ್ರುವರಿ ೧೨, ಮಂಗಳವಾರ

ಪಾಠ ಆಯಿತು. ವಿವರವಾಗಿ ಬರೆಯುತ್ತೇನೆ.

ನನ್ನ ಮಾತು ಯಾರಿಗೂ ತಿಳಿಯುವುದಿಲ್ಲ ಎಂದು ಗೊತ್ತಿದ್ದರಿಂದ ಆದಷ್ಟು ಕಡಿಮೆ ಮಾತಾಡುವುದೆಂದು ಗುರುಲಿಂಗವ್ವ ಸೂಚಿಸಿದ್ದಳು. ಪ್ರತಿಯೊಬ್ಬರಿಗೂ ರೊಟ್ಟಿಯ ಒಂದು ಚೂರು ಕೊಟ್ಟು, ಅಗಿಯುತ್ತಲೇ ಇರಿ, ನುಂಗಬೇಡಿ ಎಂದೆ. ಹಿಂದೆ ಕೂತಿದ್ದ ಇನ್‌ಸ್ಪೆಕ್ಟರ್ ಸಾಹೇಬರಿಗೂ ಒಂದು ಚೂರು ಹೋಯಿತು. ಮೂರು ನಿಮಿಷ ತರಗತಿಯಲ್ಲಿ ಅಗಿಯುವ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಸಪ್ಪೆ ರೊಟ್ಟಿ ಸಿಹಿಯಾಯಿತೆಂದು ಮೊದಲು ಕೈ ಎತ್ತಿದವರು ಸಾಹೇಬರೇ. ಹಲಗೆಯ ಮೇಲೆ ಬರೆದೆ: ಲಾಲಾರಸವು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ.

ಆಮೇಲೆ ಬಾಯಿಯ ಚಿತ್ರ ಬಿಡಿಸಬೇಕಿತ್ತು. ಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದವನಿಗೆ ಏನನ್ನಿಸಿತೋ, ಕಿಟಕಿಯ ಹತ್ತಿರ ಹೋಗಿ, ಬಿಸಿಲಿಗೆ ನನ್ನ ಬಾಯನ್ನೇ ತೆಗೆದು ನಿಂತೆ. ಹಲ್ಲಿದ್ದ ಬಾಯಲ್ಲಿ ಹಲ್ಲೇ ಕಾಣುತ್ತವೆ. ನನ್ನದರಲ್ಲಿ ಎಲ್ಲವೂ ಕಾಣುತ್ತಿತ್ತು. ಮಕ್ಕಳು ಸಾಲಾಗಿ ಬಂದು, ನಾಲಿಗೆ, ಅಂಗುಳ, ಕಿರುನಾಲಿಗೆ ಎಂದು ತಾವೇ ಗುರುತಿಸಿ ಹೋದರು. ಇಬ್ಬರು ಎರಡನೆಯ ಸಲ ಸಾಲಿಗೆ ಬಂದರು. ಕೊನೆಗೆ ಸಾಹೇಬರೂ ಕನ್ನಡಕ ಏರಿಸಿ ಇಣುಕಿ, “ಓಹೋ” ಎಂದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಸಾಹೇಬರು ಸಕ್ರವ್ವನನ್ನು ಎಬ್ಬಿಸಿ ಕೇಳಿದರು:

“ಮನುಷ್ಯಾಗ ಹಲ್ಲು ಎಷ್ಟವ?”

“ಯಾರಿಗ್ರಿ? ನಮ್ಮಪ್ಪಗ ಇಪ್ಪತ್ತೇಳು. ನಮ್ಮವ್ವಗ ಹನ್ನೆರಡ್ರಿ.”

“ಪುಸ್ತಕದಾಗ ಎಷ್ಟೈತಿ?”

“ಪುಸ್ತಕದಾಗ ಮೂವತ್ತೆರಡು ಐತ್ರಿ ಸರ್. ಅಂಥವ್ರು ನಮ್ಮ ಓಣ್ಯಾಗ ಯಾರೂ ಇಲ್ರಿ.”

ತರಗತಿ ನಕ್ಕಿತು. ಸಾಹೇಬರು ನನ್ನ ಕಡೆ ನೋಡಿದರು. ಬೆತ್ತ ಎಲ್ಲಿಟ್ಟಿದ್ದೇನೆಂದು ನನಗೆ ನೆನಪಾಗಲಿಲ್ಲ.

“ಖರೆ ಐತ್ರಿ ಸಾಹೇಬ್ರ,” ಎಂದೆ. “ಆಕಿ ಕುಂತು ನೋಡ್ಯಾಳ.”

ಈ ಮಾತಾದರೂ ಅವರಿಗೆ ತಿಳಿಯಿತೋ ಇಲ್ಲವೋ.

ಫೆಬ್ರುವರಿ ೨೭

ವರದಿ ಬಂತು. ‘ಪಾಠ ಉತ್ತಮ. ಉಚ್ಚಾರ ಅಸ್ಪಷ್ಟ.’ ಕುರ್ಚಿ ಅಮಸಿದ್ದಪ್ಪನಿಗೆ ಹೋಯಿತು. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಪೇಡೆ ಕೊಟ್ಟ. ಪೇಡೆ ಅಗಿಯಬೇಕಾಗಿಲ್ಲ, ಅದೊಂದು ಒಳ್ಳೆಯದಾಯಿತು. ಅರ್ಧ ಮುರಿದು ಕಾಗದದಲ್ಲಿ ಸುತ್ತಿ ಮನೆಗೆ ತಂದೆ.

ಮಾರ್ಚ್ ೨, ರವಿವಾರ

ಹಲ್ಲು ಬಂತು! ಈ ಸಲ ಎರಡು ಚೀಟಿ ತೆಗೆದಿಟ್ಟಿದ್ದೆ. ಗುರುಲಿಂಗವ್ವನ ಉಳಿದ ಮೂರನ್ನೂ ಕಿತ್ತರು. ಆಕೆಗೆ ಮೇ ನಾಲ್ಕಕ್ಕೆ ಅಳತೆ, ಜೂನ್ ಒಂದಕ್ಕೆ ಹಲ್ಲು. ನಾನು ಮಾತಾಡಿದರೆ ಬಾಯಲ್ಲಿ ಯಾರೋ ತಾಳ ಹಾಕಿದಂತಾಗುತ್ತದೆ.

ಮಾರ್ಚ್ ೧೦

ಹಲ್ಲನ್ನು ಶಾಲೆಗೆ ಮಾತ್ರ ಹಾಕಿಕೊಂಡು ಹೋಗುತ್ತೇನೆ. ಮನೆಗೆ ಬಂದರೆ ನೀರಿನ ಬಟ್ಟಲಿಗೆ. ಒಸಡಿಗೂ ವಿಶ್ರಾಂತಿ ಬೇಕು. ಅಲ್ಲದೆ ಒಬ್ಬರಿಗೆ ಖಡಕ್ ರೊಟ್ಟಿ, ಇನ್ನೊಬ್ಬರಿಗೆ ನುಚ್ಚು ಎಂದು ಎರಡು ಥರ ಅಡುಗೆ ಮಾಡುವುದು ಕಟ್ಟಿಗೆಯ ದಂಡ. ಇಬ್ಬರೂ ಒಂದೇ ಹೊತ್ತಿಗೆ ಕೂತು, ತಾಟು ಮುಚ್ಚಿ, ನೂರು ಎಣಿಸುತ್ತೇವೆ. ಎಣಿಸುತ್ತ ಮಾತಿಗೆ ಬಿದ್ದು ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ.

ಜೂನ್ ೧, ರವಿವಾರ

ಗುರುಲಿಂಗವ್ವನಿಗೆ ಹಲ್ಲು ಬಂತು. ಬಸ್ಸಿನಲ್ಲಿ ಉದ್ದಕ್ಕೂ ಸೆರಗು ಅಡ್ಡ ಹಿಡಿದಿದ್ದಳು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಕಳು. ಈ ಸಲ ಸೆರಗು ಹಿಡಿಯಲಿಲ್ಲ. ನನಗೆ ಬಹಳ ಸಂತೋಷವಾಯಿತು.

ನಾನೂ ಬಟ್ಟಲಿನಿಂದ ನನ್ನವನ್ನು ತೆಗೆದು ಹಾಕಿಕೊಂಡೆ. ನಿನ್ನೆ ಬಡಿದಿಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಎದುರುಬದುರು ಕೂತೆವು. ಬೇಳೆಯ ಕಟ್ಟು ಹತ್ತಿರ ಸುಳಿಯಕೂಡದೆಂದು ನಾನು ಆಜ್ಞೆ ಮಾಡಿದ್ದೆ. ಮದುವೆಯಾದಾಗಿನಿಂದ ದಿನಾ ಬಡಿದು, ಸುಟ್ಟು, ಒಣಗಿಸಿ, ನನ್ನಿಂದ ತೊಯ್ದ ಅರಬಿ ಎನ್ನಿಸಿಕೊಂಡವಳು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ಒಣ ಚೂರನ್ನು ಮುರಿದು ದವಡೆಗೆ ಇಟ್ಟುಕೊಂಡಳು.

ಕಟ್ಟೆಂದು ಸಪ್ಪಳವಾಯಿತು.

ಅಗಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಲಾಲಾರಸ ತನ್ನ ಕೆಲಸ ಮಾಡುತ್ತಿರಬೇಕೆಂದು ನಾನು ಉಸಿರು ಬಿಗಿಹಿಡಿದು ಕಾದೆ.

“ಸಿಹಿ ಬಂತೇನು?” ಎಂದೆ.

ಕಣ್ಣು ತೆರೆದಳು. ಗಲ್ಲ ಹಿಡಿದುಕೊಂಡಳು.

“ಸಿಹಿ ಎಲ್ಲೀದ್ರಿ? ಕಟಗಿ ಆಗೇತಿ ಇದು! ಇಷ್ಟ ವರ್ಷ ಇದನ್ನ ನೀವು ಹೆಂಗ ತಿಂದ್ರಿ? ಒಂದು ದಿನಾನೂ ಹೇಳ್ಲಿಲ್ಲಲ್ಲ!”

ಇಬ್ಬರದೂ ಸೇರಿ ಈಗ ಮನೆಯಲ್ಲಿ ಐವತ್ತಾರು ಹಲ್ಲು. ನಾಳೆಯಿಂದ ಮೆತ್ತನ್ನ ರೊಟ್ಟಿ ಮಾಡುತ್ತಾಳಂತೆ. ನಾನು ಹೂಂ ಎಂದೆ.